ಗೋಡೆ ಮೇಲಿನ ಕಿಟಕಿ

ಅಡುಗೆಮನೆಯ ಗೋಡೆಗೆ ಒಂದು ಕಿಟಕಿ ಇಡಿಸಿಕೊಳ್ಳಬಹುದೇ ಎಂದು ಟೆಕ್ಲಾ ಕೇಳಿದ್ದಕ್ಕೆ, ಜಿನೋವಾ ನಗರದಿಂದ ಬಂದಿದ್ದ ಪುರಾತನ ಕಟ್ಟಡಗಳ ಅಧಿಕಾರಿ ಆಗುವುದಿಲ್ಲ ಎಂದರು. ಕಿಟಕಿ ಆಗಲೇ ಇತ್ತಲ್ಲ. ಹೊರಮೈ ಮೇಲೆ ಬಣ್ಣದಲ್ಲಿ ಬರೆದದ್ದು. ಹಸಿರು ಕದ, ಕದದ ನಡುವೆ ಕಡಲು ನೋಡುತ್ತಾ ನಿಂತ ಒಬ್ಬ ಹೆಂಗಸು. ಆ ಊರಿನ ಅರ್ಧಕ್ಕರ್ಧ ಕಿಟಕಿಗಳು ಹೀಗೆ ಬರೆದವೇ. ಅವನ್ನು ನೋಡಲೆಂದೇ ಜನ ದೋಣಿ ತುಂಬಾ ಬರುತ್ತಾರೆ.

"ನಿಜವಾದ ಕಿಟಕಿ ಎಲ್ಲ ಊರಲ್ಲೂ ಇದೆಯಮ್ಮ. ಅದನ್ನ ನೋಡೋಕೆ ಯಾರು ಬರ್ತಾರೆ?" ಎಂದ ಅಧಿಕಾರಿ, ಮಾಸಿದ ಚಿತ್ರವನ್ನು ಮೊದಲಿನಂತೆಯೇ ತಿದ್ದಿಸಬೇಕೆಂದು ಹೇಳಿ ಹೋದರು.

ಟೆಕ್ಲಾಳಿಗೆ ಗಾಳಿ ಬೆಳಕಿನ ಆಸೆಯೇನೂ ಇರಲಿಲ್ಲ. ಗಂಡ ಬರ್ತುಮೆ ಎಪ್ಪತ್ತು ದಾಟಿದರೂ ಒಬ್ಬನೇ ಮೀನಿಗೆ ಹೋಗುತ್ತಾನೆ. ಇವಳ ಮಂಡಿ ಮೂರು ಮಹಡಿ ಇಳಿಯಲು ಒಪ್ಪುವುದಿಲ್ಲ. ಅವನು ಮೆಟ್ಟಿಲು ಹತ್ತಿ ಬಾಗಿಲಲ್ಲಿ ಕೆಮ್ಮುವವರೆಗೂ ತಾನು ಹೆಂಡತಿಯೋ ವಿಧವೆಯೋ ಎಂದು ಗೊತ್ತಾಗದೆ ಕೂತಿರಬೇಕು.

ಚಿತ್ರ ತಿದ್ದಲು ಬಂದ ಆಂಬ್ರೋಜೊನ ಮುಂದೆ ಇದನ್ನೆಲ್ಲ ಹೇಳಿಕೊಂಡು ಅತ್ತಳು. ಆತ ಗೋಡೆ ತಟ್ಟಿ ನೋಡಿದ. ಹಿಂದೊಮ್ಮೆ ನಿಜವಾದ ಕಿಟಕಿಯೇ ಇದ್ದ ಜಾಗ. ತೆಳ್ಳನೆಯ ಇಟ್ಟಿಗೆ ಇಟ್ಟು ಮುಚ್ಚಿದ್ದರು.

"ಚಿತ್ರದವಳ ಕಣ್ಣೇ ಅಳಿಸಿಹೋಗಿದೆ ಟೆಕ್ಲಕ್ಕ," ಎಂದ. "ನಿನ್ನವೇ ಇಟ್ಕೊಳ್ಳಲಿ ಬಿಡು."

ಸಂಜೆಯೊಳಗೆ ಚಿತ್ರದ ಕಣ್ಣುಗಳಿರಬೇಕಾದಲ್ಲಿ ಎರಡು ತೂತು ಕೊರೆದಿದ್ದ. ಟೆಕ್ಲಾ ಒಳಗೆ ಸ್ಟೂಲು ಎಳೆದು ಕೂತು ಅವಕ್ಕೆ ಕಣ್ಣು ಒತ್ತಿದಳು. ಕಡಲು ಕಂಡಿತು. ಆಮೇಲೆ ಕೆಳಗಿನಿಂದ ಪ್ರವಾಸಿಗರು ಎಷ್ಟು ಕೈ ಬೀಸಿದರೂ ಅವಳು ಅವರತ್ತ ನೋಡಿದವಳಲ್ಲ.

ಅಧಿಕಾರಿ ಕೆಲಸ ನೋಡಲು ಮತ್ತೆ ಬಂದ ದಿನ ಗಾಳಿ ಜೋರಾಗಿತ್ತು. ಉಳಿದ ದೋಣಿಗಳೆಲ್ಲ ದಡ ಸೇರಿದ್ದವು, ಬರ್ತುಮೆಯದು ಮಾತ್ರ ಇಲ್ಲ. ಅಧಿಕಾರಿ ದಡದ ಕಟ್ಟೆಯ ಮೇಲೆ ನಿಂತು ದುರ್ಬೀನಿನಲ್ಲಿ ಗೋಡೆಯನ್ನು ಇಂಚಿಂಚೂ ನೋಡಿದರು. ಪಕ್ಕದಲ್ಲಿ ಆಂಬ್ರೋಜೊ ಆ ಗಾಳಿಯಲ್ಲೂ ಬೆವರುತ್ತಿದ್ದ. ಕಣ್ಣು ಅದ್ಭುತವಾಗಿ ಬಂದಿವೆ, ಹಳೆಯ ಕಲಾವಿದನಿಗೂ ಇಷ್ಟು ಜೀವ ತುಂಬಲು ಆಗಿರಲಿಕ್ಕಿಲ್ಲ ಎಂದು ಅಧಿಕಾರಿ ಹೊಗಳಿದರು. ಅಷ್ಟರಲ್ಲಿ ಬಂಡೆಯ ಮೂಲೆ ತಿರುಗಿ ಬರ್ತುಮೆಯ ದೋಣಿ ಕಾಣಿಸಿತು.

ಅಧಿಕಾರಿ ದುರ್ಬೀನು ಇಳಿಸಲಿಲ್ಲ. "ಏನಯ್ಯ, ಚಿತ್ರದ ಕಣ್ಣಲ್ಲಿ ನೀರಾಡ್ತಾ ಇದೆಯಲ್ಲ?"

"ಹಳೇ ಗೋಡೆ ಸ್ವಾಮಿ," ಎಂದ ಆಂಬ್ರೋಜೊ. "ಆ ದೋಣಿ ಬಂದಾಗ ಒಸರುತ್ತೆ."