ಒಂದು ದಿನದ ಬಡತನ

ಫ್ರಿಜ್ಜು ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಕೊಂಡಿತು. ಕೆಳಗೆ ಅಪ್ಪ, ಮೇಲೆ ಮಹಡಿ ಮನೆಯ ಹೊಲಿಗೆ ಅತ್ತೆ, ಗೋಡೆಗೂ ಫ್ರಿಜ್ಜಿಗೂ ನಡುವೆ ಅಪ್ಪಚ್ಚಿಯಾದ ಮಗಳು ಗುಬ್ಬಿ.

“ಸ್ವಲ್ಪ ಓರೆ ಮಾಡಿ ಅಂದ್ರೆ ಕೇಳಲ್ವಲ್ಲ!” ಅಮ್ಮ ಪಿಸುದನಿಯಲ್ಲೇ ಗದರಿದಳು. “ಸಾಹೇಬ್ರು ಈಗಲೇ ಬಂದ್ರೆ ಏನಂತೀರಿ? ಫ್ರಿಜ್ಜನ್ನ ಗಾಳಿ ಸೇವನೆಗೆ ಕರ್ಕೊಂಡು ಹೊರಟಿದ್ದೀವಿ ಅಂತೀರಾ?”

ಇಂಜಿನಿಯರಿಂಗ್ ಓದುವ ಬಡ ಮಕ್ಕಳ ನೆರವಿನ ನಿಧಿಯ ಸಾಹೇಬರು ಇವತ್ತು ಮನೆ ನೋಡಲು ಬರುತ್ತಾರೆ. ಬಡತನ ಕಣ್ಣಿಗೆ ಕಾಣಬೇಕು. ಟೀವಿ, ಮಿಕ್ಸಿ, ವಾಷಿಂಗ್ ಮಷೀನು, ಗುಬ್ಬಿಯ ಓದುವ ಮೇಜು ಎಲ್ಲ ಆಗಲೇ ಮೇಲೇರಿದ್ದವು. ಹೊಲಿಗೆ ಅತ್ತೆಯದು ಒಂದೇ ಕೋಣೆ. ಅವಳು, ಅವಳ ಹೊಲಿಗೆ ಯಂತ್ರ, ಮಗಳು ಕಡ್ಡಿ, ಇಷ್ಟಕ್ಕೇ ಅಲ್ಲಿ ಉಸಿರು ಕಟ್ಟುತ್ತಿತ್ತು. ಆದರೆ ಅವಳು ಹೊಲಿಯುವ ಬಟ್ಟೆಯೆಲ್ಲ ಬರುವುದು ಅಪ್ಪನ ಗಾರ್ಮೆಂಟ್ ಶೆಡ್ಡಿನಿಂದ. ಅಮ್ಮನ ಮಾತಿಗೆ ಇಲ್ಲ ಎನ್ನುವ ಬಾಯಿ ಅವಳಿಗಿರಲಿಲ್ಲ.

ಅರ್ಜಿ ಕರೆದಾಗಲೂ ಹಾಗೇ ಆಗಿತ್ತು. ಗುಬ್ಬಿ, ಕಡ್ಡಿ ಇಬ್ಬರದೂ ಒಂದೇ ಕಾಲೇಜು, ಒಂದೇ ಬೆಂಚು. ನೆರವು ಮಾತ್ರ ಬಡಾವಣೆಗೆ ಒಬ್ಬರಿಗೆ. “ಈ ಸಲ ನಮ್ಮ ಗುಬ್ಬಿಗೆ ಆಗ್ಲಿ,” ಎಂದಿದ್ದಳು ಅಮ್ಮ. “ನಿನ್ನ ಮಗಳದ್ದು ಮುಂದಿನ ವರ್ಷ ಹಾಕಿದ್ರಾಯ್ತು. ಒಂದೇ ಗೂಡಿನ ಮರಿಗಳು, ಕಚ್ಚಾಡಬಾರದು.” ಅತ್ತೆ ತಲೆಯಾಡಿಸಿದ್ದಳು.

ಅಪ್ಪನದೂ ಒಂದೇ ಮಾತು. “ನೆರವು ಬಂದ್ರೆ ಕಾಲೇಜು. ಬರ್ಲಿಲ್ಲ ಅಂದ್ರೆ ಶೆಡ್ಡಲ್ಲಿ ಕೂತು ಗುಂಡಿ ಹಚ್ಚು.” ಶೆಡ್ಡು ನಡೆಯುತ್ತಿತ್ತು, ಓಡುತ್ತಿರಲಿಲ್ಲ. ಅದಕ್ಕೆ ಕಿಟಕಿಯೂ ಇರಲಿಲ್ಲ. ಆ ಟ್ಯೂಬ್‌ಲೈಟಿನ ಕೆಳಗೆ ಹಗಲು ರಾತ್ರಿ ಒಂದೇ.

ಫ್ರಿಜ್ಜು ಕೊನೆಗೂ ಒಳಗೆ ಸೇರಿತು. ಹೊಲಿಗೆ ಅತ್ತೆ ಸೆರಗಿನಲ್ಲಿ ಬೆವರೊರೆಸಿಕೊಂಡಳು.

“ಸಾಹೇಬ್ರು ಎಷ್ಟೊತ್ತಿಗೆ ಬರ್ತಾರಂತೆ ಅಕ್ಕಾ?”

“ನಿಂಗ್ಯಾಕೆ ಆ ಚಿಂತೆ? ಅವ್ರು ಅತ್ತ ಹೋಗ್ತಿದ್ದ ಹಾಗೇ ಇಳಿಸ್ಕೊಳ್ತೀವಿ.”

ರಜೆಯ ದಿನವೂ ಕಡ್ಡಿ ಇಸ್ತ್ರಿ ಬಟ್ಟೆ ತೊಟ್ಟು ಒಳಗೆ ನಿಂತಿದ್ದಳು. ಗುಬ್ಬಿಯನ್ನು ನೋಡಿ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಸೋಫಾ ಬಂದು ಬಾಗಿಲು ತುಂಬಿಕೊಂಡಿತು.

ಕೆಳಗೆ ಮನೆ ಬಾವಿಯಂತೆ ಪ್ರತಿಧ್ವನಿಸುತ್ತಿತ್ತು. ಫ್ರಿಜ್ಜಿನ ನಾಲ್ಕು ಕಾಲಿನ ಗುರುತಿನ ಮೇಲೆ ಚಾಪೆ ಹಾಸಿ ಅಜ್ಜಿಯನ್ನು ಕೂರಿಸಿದ್ದಾಯಿತು.

“ಕಥೇಲಿ ರಾಕ್ಷಸ ತನ್ನ ಪ್ರಾಣಾನ ಗಿಳಿಯೊಳಗೆ ಬಚ್ಚಿಡ್ತಿದ್ದ,” ಎಂದಳು ಅಜ್ಜಿ. “ನಿಮ್ಮಮ್ಮ ಮಹಡಿ ಮೇಲೆ ಬಚ್ಚಿಟ್ಟಳು.”

“ನೀವು ಇವತ್ತೊಂದಿನ ಕಥೆಗೆ ರಜೆ ಕೊಡಿ ಅತ್ತೆ,” ಎಂದಳು ಅಮ್ಮ.

ಗುಬ್ಬಿಗೆ ತೊಡಿಸಿದ್ದು ಮೂರು ವರ್ಷದ ಹಿಂದಿನ ಅಂಗಿ. ಕಂಕುಳಲ್ಲಿ ಬಿಗಿಯುತ್ತಿತ್ತು. ಕೈ ಎತ್ತುವಂತಿಲ್ಲ, ಆಳವಾಗಿ ಉಸಿರೆಳೆಯುವಂತಿಲ್ಲ.

“ಹರಿಯುತ್ತಮ್ಮ.”

“ಹರಿದ್ರೆ ಇನ್ನೂ ಒಳ್ಳೇದು.”

ಅಪ್ಪ ಶೆಡ್ಡಿಗೆ ಹೋದ ಸ್ವಲ್ಪ ಹೊತ್ತಿಗೆ ಸಾಹೇಬರು ಬಂದರು. ತೆಳ್ಳಗಿನ ಮನುಷ್ಯ, ಕಂಕುಳಲ್ಲಿ ಕಡತ. ಕೂರಲು ಕುರ್ಚಿಯಿಲ್ಲ, ನಿಂತೇ ಸುತ್ತ ಕಣ್ಣಾಡಿಸಿದರು. ಮಾಸಿದ ಗೋಡೆಯ ನಡುವೆ ಟೀವಿಯಿದ್ದ ಜಾಗ ಬೆಳ್ಳಗೆ ಹಲ್ಲು ಕಿರಿಯುತ್ತಿತ್ತು.

“ಇಲ್ಲಿ ಏನಿತ್ತು?”

ಅಮ್ಮನ ತುಟಿ ಒಣಗಿತು. ಅಜ್ಜಿಯದು ಒಣಗಲಿಲ್ಲ.

“ನಮ್ಮ ಯಜಮಾನ್ರ ಫೋಟೋ ಇತ್ತಪ್ಪಾ. ನೋಡಿದಾಗೆಲ್ಲ ಅಳು ಬರುತ್ತೆ ಅಂತ ತೆಗೆಸ್ಬಿಟ್ಟೆ.”

ಸಾಹೇಬರು ಆ ಚೌಕವನ್ನು ಈ ತುದಿಯಿಂದ ಆ ತುದಿಯವರೆಗೆ ಅಳೆಯುವಂತೆ ನೋಡಿದರು. “ದೊಡ್ಡ ಮನುಷ್ಯರು,” ಎಂದರು.

ಗುಬ್ಬಿಗೆ ನೆಲ ಬಾಯ್ತೆರೆಯಬಾರದೇ ಎನಿಸಿತು.

“ತಂದೆಗೆ ಏನು ಕೆಲಸ?”

“ಗಾರ್ಮೆಂಟ್ ಶೆಡ್ಡಲ್ಲಿ ದುಡೀತಾರೆ ಸಾರ್,” ಎಂದಳು ಅಮ್ಮ. ಸುಳ್ಳೇನೂ ಅಲ್ಲ. ಶೆಡ್ಡು ಯಾರದೆಂದು ಅವರು ಕೇಳಲಿಲ್ಲ.

“ನೀನು ಎಲ್ಲಿ ಕೂತು ಓದ್ತೀಯಮ್ಮ?”

ಗುಬ್ಬಿ ನೆಲ ತೋರಿಸಿದಳು. ಬೆರಳು ತನ್ನದಲ್ಲ ಎನ್ನಿಸಿತು.

ಆಗ ಮೇಲೆ ಏನೋ ದಡಾರನೆ ಬಿತ್ತು. ನಾಲ್ಕು ಜನವೂ ಮೇಲೆ ನೋಡಿದರು.

“ಮೇಲೆ ಯಾರಿದ್ದಾರೆ?”

“ಅವ್ರ ಮಾತು ಬಿಡಿ ಸಾರ್,” ಅಮ್ಮ ತಡವರಿಸಲಿಲ್ಲ. “ಅನುಕೂಲಸ್ಥರು. ಟೀವಿ, ಫ್ರಿಜ್ಜು, ಸೋಫಾ, ಕಾಲಿಡೋಕೆ ಜಾಗ ಇಲ್ಲದಷ್ಟು ಸಾಮಾನು. ಒಂದು ತೆಗೆಯೋಕೆ ಹೋದ್ರೆ ಇನ್ನೊಂದು ಬೀಳುತ್ತೆ. ನಮ್ಮಂಥೋರ ಕಷ್ಟ ಅವ್ರಿಗೇನು ಗೊತ್ತು?”

ಗುಬ್ಬಿಯ ಕಿವಿ ಕಾದವು. ಹಾಗಲ್ಲ ಸಾರ್ ಎಂಬ ಮಾತು ಗಂಟಲವರೆಗೆ ಬಂತು. ಅದರ ಹಿಂದೆಯೇ ಶೆಡ್ಡಿನ ಕಿಟಕಿಯಿಲ್ಲದ ಗೋಡೆಯೂ ಬಂತು. ಮಾತನ್ನು ನುಂಗಿದಳು.

ಸಾಹೇಬರು ಬರೆದು, ಸಹಿ ಹಾಕಿ, ಪೆನ್ನು ಮುಚ್ಚಿದರು.

“ಎಷ್ಟೋ ಬಡವರ ಮನೆ ನೋಡಿದ್ದೀನಿ. ಇಷ್ಟು ಬರಿದಾಗಿದ್ದು ನೋಡಿರ್ಲಿಲ್ಲ. ಈ ಬಡಾವಣೇಲಿ ಒಬ್ಬರಿಗೇ ಕೊಡೋದು. ಇದಕ್ಕಿಂತ ಬರಿದು ಮನೆ ಸಿಗದಿದ್ರೆ ನಿಮ್ಮ ಹುಡುಗಿಗೇ ಆಯ್ತು ಅಂದ್ಕೊಳ್ಳಿ.”

ಅಮ್ಮ ಕೈ ಮುಗಿದಳು. ಗುಬ್ಬಿ ಬೆಳಗಿನಿಂದ ಮೊದಲ ಸಲ ಎದೆ ತುಂಬ ಉಸಿರೆಳೆದಳು. ಅಂಗಿ ಪರ್ ಎಂದಿತು. ಹರಿಯಲಿ. ಓಡಿಹೋಗಿ ಮೊದಲು ಕಡ್ಡಿಗೆ ಹೇಳಬೇಕು ಎಂದುಕೊಂಡಳು.

ಸಾಹೇಬರು ಹೊಸ್ತಿಲಲ್ಲಿ ನಿಂತು ಕಡತದ ಹಾಳೆ ಮಗುಚಿದರು. “ಇನ್ನೊಂದೇ ಅರ್ಜಿ ಉಳಿದಿದೆ,” ಎಂದರು. “ಮೇಲಿನ ಮನೆಗೆ ಮೆಟ್ಟಿಲು ಯಾವ ಕಡೆಗಮ್ಮ?”