ಲೆಗ್ ಗಾರ್ಡಿನ ಮೇಲಿನ ಗುರುತು

ಪಂಕ್ಚರ್ ಅಂಗಡಿಯಲ್ಲಿ ಹಳೆಯ ಟ್ಯೂಬು ಕತ್ತರಿಸುವ ವಾಸನೆ ಮೂಗಿಗೆ ಬಡಿದರೆ, ಇವತ್ತಿಗೂ ತಮ್ಮನನ್ನು ನೆನೆದು ನನಗೆ ಸಣ್ಣಗೆ ಹೊಟ್ಟೆ ಉರಿಯುತ್ತದೆ.

ಆ ಮಧ್ಯಾಹ್ನ ಚಾಮರಾಜಪೇಟೆಯ ನಮ್ಮ ಮನೆಯ ಗೇಟಿನೊಳಗೆ ಅಪ್ಪ ಬೈಕಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಹೊಸ ಲೆಗ್ ಗಾರ್ಡು ಹಾಕಿಯಾಗಿತ್ತು. ಅದರ ಎರಡೂ ಕಡೆ ಕಾಲಿಡಲು ಬಿಗಿಯಬೇಕಿದ್ದ ಕಬ್ಬಿಣದ ತುಂಡುಗಳಿಗೆ, ಜಾರದಿರಲಿ ಎಂದು ಸೈಕಲ್ ಟ್ಯೂಬಿನ ಪಟ್ಟಿ ಸುತ್ತುತ್ತಿದ್ದರು. ಇದೆಲ್ಲ ತಮ್ಮನಿಗಾಗಿ. ಟ್ಯಾಂಕಿನ ಮೇಲಿನ ಜಾಗ ಅಲ್ಲಿಯವರೆಗೆ ನನ್ನದಾಗಿತ್ತು. ಅಷ್ಟು ವರ್ಷವೂ ನಾನು ಕಾಲು ಜೋತಾಡಿಸಿಕೊಂಡೇ ಸ್ಕೂಲಿಗೆ ಹೋಗಿದ್ದೆ.

“ನಂಗ್ಯಾಕೆ ಹಾಕ್ಲಿಲ್ಲ?” ಅಂದೆ.

“ನೀನೀಗ ಉದ್ದ ಆಗಿದೀಯ ಕಣಮ್ಮ. ಮುಂದೆ ಕೂತ್ರೆ ನಂಗೆ ರೋಡೇ ಕಾಣಲ್ಲ,” ಅಂದರು ಅಪ್ಪ.

ಅಮ್ಮ ತಮ್ಮನನ್ನು ಎತ್ತಿಕೊಂಡು ಬಂದಳು. “ಕಾಲಿನ ಅಳತೆ ತಗೊಳ್ರೀ.”

“ಬೇಡ ಬಿಡೇ, ನಂಗೊತ್ತು. ದಿನಾ ನೋಡ್ತೀನಲ್ಲ,” ಎನ್ನುತ್ತ ಅಪ್ಪ ಬೋಲ್ಟು ಬಿಗಿದರು.

ತಮ್ಮನನ್ನು ಟ್ಯಾಂಕಿನ ಮೇಲೆ ಕೂರಿಸಿದರೆ, ಅವನ ಪಾದ ಆ ಕಬ್ಬಿಣಕ್ಕಿಂತ ಒಂದು ಗೇಣು ಮೇಲೆಯೇ ನಿಂತಿತು. ಅಮ್ಮ ನಕ್ಕಳು. “ಇದ್ಯಾರ ಕಾಲಿನ ಅಳತೆ?”

ಅಪ್ಪ ಒಮ್ಮೆ ನನ್ನ ಕಾಲು ನೋಡಿದರು. ಬೋಲ್ಟು ಸಡಿಲಿಸಿ ತುಂಡುಗಳನ್ನು ಮೇಲಕ್ಕೆ ಸರಿಸಿದರು. ಮೊದಲು ಬಿಗಿದಿದ್ದ ಕಡೆ ಲೆಗ್ ಗಾರ್ಡಿನ ಬಣ್ಣ ಕಿತ್ತು, ನನ್ನ ಕಾಲಿನ ಅಳತೆಗೆ ಒಂದು ಗುರುತು ಉಳಿದಿತ್ತು.

ಆ ಗಾಡಿ ಮಾರುವವರೆಗೂ ಲೆಗ್ ಗಾರ್ಡು ಒರೆಸುವ ಕೆಲಸವೊಂದನ್ನು ಮಾತ್ರ ನಾನು ತಮ್ಮನಿಗೆ ಬಿಟ್ಟುಕೊಡಲಿಲ್ಲ.