ಬ್ರೊನ್ಯಾ ಅಜ್ಜಿಯ ಅಣಬೆ ಜಾಗ

ಕಡಿಯಬೇಕಾದ ಓಕ್ ಮರಕ್ಕೆ ಗುರುತು ಹಾಕಲು ಅರಣ್ಯಾಧಿಕಾರಿ ಲೆಷೆಕ್ ಕೆಂಪು ಬಣ್ಣದ ಡಬ್ಬಿ ಎತ್ತಿದಾಗ, ಬ್ರೊನ್ಯಾ ಅಜ್ಜಿ ಪೊದೆಯಿಂದ ಹೊರಬಂದು ಆ ಮರಕ್ಕೇ ಬೆನ್ನು ಕೊಟ್ಟು ನಿಂತಳು. ಅವಳ ಬುಟ್ಟಿಯ ತುಂಬ ಕಂದು ಟೋಪಿಯ ಬೊರೊವಿಕ್ ಅಣಬೆಗಳಿದ್ದವು.

"ಓಹೋ, ನಿನ್ನ ಗುಟ್ಟಿನ ಜಾಗ ಇದೇನಾ ಅಜ್ಜಿ?" ಲೆಷೆಕ್ ನಕ್ಕ. "ನಲವತ್ತು ವರ್ಷದಿಂದ ಸ್ವಂತ ಮಗಳಿಗೂ ಹೇಳಿಲ್ವಂತಲ್ಲ. ಅಣಬೆಗೋಸ್ಕರ ಮರ ಉಳಿಸೋ ಕಾನೂನಿಲ್ಲ, ಆಚೆ ಸರಿ."

"ಅಣಬೆಗಿಲ್ಲ. ಕರಿ ಕೊಕ್ಕರೆಗೆ ಇದೆಯಲ್ಲ?" ಅವಳು ಅಣಬೆ ಕೊಯ್ಯುವ ಚಾಕುವಿನಿಂದ ಮೇಲಕ್ಕೆ ತೋರಿಸಿದಳು. ಕೊಂಬೆಗಳ ನಡುವೆ ಗಾಡಿ ಚಕ್ರದಷ್ಟು ದೊಡ್ಡ ಗೂಡಿತ್ತು. ಅದರ ಅಂಚಿನಿಂದ ಎರಡು ಮರಿಗಳು ಇಣುಕುತ್ತಿದ್ದವು. "ಕೊಕ್ಕರೆ, ಅಣಬೆ ಎರಡೂ ಸುಲಭವಾಗಿ ಜನರ ಕಣ್ಣಿಗೆ ಬೀಳಲ್ಲ, ಎರಡಕ್ಕೂ ಹಳೇ ಮರಾನೇ ಬೇಕು. ಒಂದು ತುದೀಲಿರತ್ತೆ, ಇನ್ನೊಂದು ಬುಡದಲ್ಲಿ. ಅಷ್ಟೇ ವ್ಯತ್ಯಾಸ. ಇಲ್ಲಿ ಗೂಡಿದೆ ಅಂತ ಬರ್ಕೋ."

ಲೆಷೆಕ್ ಡಬ್ಬಿಯನ್ನು ಕೆಳಗಿಟ್ಟ. "ಬರ್ಕೊಂಡ್ರೆ ಸುತ್ತ ಇನ್ನೂರು ಮೀಟರ್ ಯಾರೂ ಕಾಲಿಡೋ ಹಾಗಿಲ್ಲ. ನೀನೂ ಅಷ್ಟೇ. ಈ ಅಣಬೆ ನಿನ್ನ ಪಾಲಿಗೆ ಇವತ್ತಿಗೇ ಮುಗೀತು. ಯೋಚ್ನೆ ಮಾಡು."

ಬ್ರೊನ್ಯಾ ಬುಟ್ಟಿಯನ್ನೊಮ್ಮೆ ನೋಡಿದಳು. ಚಾಕುವನ್ನು ಮಡಚಿ ಜೇಬಿಗೆ ಹಾಕಿಕೊಂಡಳು.

"ಡಬ್ಬಿ ಎತ್ಕೊಂಡು ಮೊದ್ಲು ನೀನು ನಡಿ," ಎಂದಳು. "ನಿನ್ನ ಹಿಂದೇನೇ ನಾನೂ ಬರ್ತೀನಿ."